ಕಣಗಿನಹಾಳದ ಒಂದು ಓಟು

ಗದಗಿನ ಸಮೀಪದ ಕಣಗಿನಹಾಳ ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣಿಸಿಕೊಳ್ಳುವುದು ಒಂದೇ ಕಾರಣಕ್ಕೆ. 1904ರಲ್ಲಿ ಬ್ರಿಟಿಷ್ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ತಂದಿತು. ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಈ ಊರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ದೇಶದಲ್ಲಿ ಅದೇ ಮೊದಲನೆಯದು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಿದ ಕಥೆಯಾಗಿ ಇದನ್ನು ನಾವೆಲ್ಲ ಓದಿದ್ದೇವೆ. ಇದರೊಳಗೆ ಓಟಿನ ಕಥೆಯೂ ಒಂದಿದೆ. ಅದರತ್ತ ನಮ್ಮ ಗಮನ ಹೋದದ್ದು ಕಡಿಮೆ.

ಸಹಕಾರದ ಮೂಲ ನಿಯಮ ಸರಳವಾದದ್ದು: ಎಷ್ಟೇ ಪಾಲು ಕೊಂಡಿರಲಿ, ಎಷ್ಟೇ ಎಕರೆ ಹೊಲವಿರಲಿ, ಸದಸ್ಯನಿಗೆ ಒಂದೇ ಓಟು. 1912ರ ಕಾಯಿದೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಲಾಯಿತು. ಅದೇ ಕಾಲದ ರಾಜಕೀಯ ಹೇಗಿತ್ತು? ಗೌಡರು ಸಂಘ ಕಟ್ಟಿದಾಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ಶಾಸನಸಭೆಗೆ ಸಾಮಾನ್ಯ ರೈತ ಪ್ರತಿನಿಧಿಯನ್ನು ಆರಿಸುವ ಮಾತೇ ಇರಲಿಲ್ಲ. 1909ರಲ್ಲಿ ಮಿಂಟೋ-ಮಾರ್ಲೆ ಸುಧಾರಣೆ ಬಂದಾಗ ಓಟು ದಕ್ಕಿದ್ದು ಆಸ್ತಿವಂತರಿಗೆ, ಪದವೀಧರರಿಗೆ. ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಸಿಕ್ಕಿತು, ಆದರೆ ಅಲ್ಲೂ ಓಟು ಹಾಕುವವನು ಜಮೀನ್ದಾರನೋ ತೆರಿಗೆ ಕಟ್ಟುವವನೋ ಆಗಿರಬೇಕಿತ್ತು. ಬಡ ನೇಕಾರ ಮುಸ್ಲಿಮನಿಗೂ ಬಡ ಒಕ್ಕಲಿಗನಿಗೂ ಸಿಕ್ಕಿದ್ದು ಒಂದೇ: ಏನೂ ಇಲ್ಲ. 1935ರ ಕಾಯಿದೆಯ ನಂತರವೂ ಪ್ರಾಂತೀಯ ಸಭೆಗಳಿಗೆ ಓಟು ಹಾಕಬಲ್ಲವರು ಸುಮಾರು ಮೂರೂವರೆ ಕೋಟಿ ಜನ ಮಾತ್ರ. ಹೀಗೆ, ಸಂಘದ ಸಭೆಯಲ್ಲಿ ಗೌಡನಿಗೆ ಸರಿಸಮನಾಗಿ ಕೈ ಎತ್ತುತ್ತಿದ್ದ ಸಣ್ಣ ರೈತನಿಗೆ ಸರಕಾರದ ಮಟ್ಟದಲ್ಲಿ ಆ ಹಕ್ಕು ದೊರೆಯಲು ದಶಕಗಳೇ ಬೇಕಾದವು.

ದೊರೆತದ್ದು 1950ರಲ್ಲಿ, ಸಂವಿಧಾನದೊಂದಿಗೆ. 1951-52ರ ಮೊದಲ ಮಹಾಚುನಾವಣೆಗೆ 17 ಕೋಟಿಗೂ ಹೆಚ್ಚು ಮತದಾರರ ಪಟ್ಟಿ ಸಿದ್ಧವಾಯಿತು. ಅವರಲ್ಲಿ ಬಹುಪಾಲು ಜನರಿಗೆ ಓದು ಬರಹ ಬಾರದು. ಆಗ ಒಂದು ವಿಚಿತ್ರ ಸಮಸ್ಯೆ ಎದುರಾಯಿತು. ಉತ್ತರ ಭಾರತದ ಎಷ್ಟೋ ಕಡೆ ಹೆಣ್ಣುಮಕ್ಕಳು ಪಟ್ಟಿ ಬರೆಯಲು ಬಂದವರಿಗೆ ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಹೆಸರಿಲ್ಲದ ಮತದಾರರನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಬಿದ್ದರು. ಸೇನ್ ಅವರದು ಕಠಿಣ ತೀರ್ಮಾನವೇ ಸರಿ. ಆದರೆ ಮುಂದಿನ ಚುನಾವಣೆಗಳಲ್ಲಿ ಹೆಣ್ಣುಮಕ್ಕಳು ಸ್ವಂತ ಹೆಸರಿನಲ್ಲಿ ಮತಗಟ್ಟೆಗೆ ಬಂದದ್ದರಲ್ಲಿ ಅದರ ಪಾಲೂ ಇದೆಯೆಂದು ನಮಗನಿಸುತ್ತದೆ.

ಓಟೇನೋ ಬಂತು. ಅದರ ಹಿಂದೆಯೇ ಹಣವೂ ಬಂತು. ಇದನ್ನು ತಡೆಯಬೇಕೆಂಬ ಒತ್ತಾಯ ಆಳುವವರಿಂದ ಬರಲಿಲ್ಲ, ಬರುವುದೂ ಕಷ್ಟ. 1974ರಲ್ಲಿ ಜಯಪ್ರಕಾಶ ನಾರಾಯಣರು 'ಸಿಟಿಜನ್ಸ್ ಫಾರ್ ಡೆಮಾಕ್ರಸಿ' ಎಂಬ ನಾಗರಿಕ ವೇದಿಕೆಯನ್ನು ಆರಂಭಿಸಿದರು. ಅದರ ಪರವಾಗಿ ಚುನಾವಣಾ ಸುಧಾರಣೆಗೆಂದೇ ಒಂದು ಸಮಿತಿ ರಚನೆಯಾಯಿತು. ಮುಂಬಯಿ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿ. ಎಂ. ತಾರ್ಕುಂಡೆ ಅದರ ಮುಖ್ಯಸ್ಥರು. ಮೀನೂ ಮಸಾನಿ, ಪಿ. ಜಿ. ಮಾವಳಂಕರ್, ನ್ಯಾಯವಾದಿ ಮತ್ತು ಲೇಖಕ ಎ. ಜಿ. ನೂರಾನಿ ಮೊದಲಾದವರು ಸದಸ್ಯರು. ಸರಕಾರ ನೇಮಿಸಿದ ಸಮಿತಿಯಲ್ಲ ಅದು, ಭತ್ಯೆಯಿಲ್ಲ, ಕೆಂಪು ದೀಪದ ಕಾರಿಲ್ಲ. 1975ರ ಆರಂಭದಲ್ಲಿ ವರದಿ ಹೊರಬಂತು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಲಿ, ಚುನಾವಣಾ ಆಯುಕ್ತರನ್ನು ಪ್ರಧಾನಿ, ಲೋಕಸಭೆಯ ವಿರೋಧಪಕ್ಷದ ನಾಯಕ ಮತ್ತು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಸಮಿತಿ ಆರಿಸಲಿ ಎಂದು ಅದರಲ್ಲಿ ಹೇಳಲಾಗಿತ್ತು. ಕೆಲವೇ ತಿಂಗಳಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಜೆಪಿ ಜೈಲಿಗೆ ಹೋದರು, ವರದಿ ಕಪಾಟಿಗೆ ಹೋಯಿತು.

ಆ ವರದಿಯ ಮುಂದಿನ ಗತಿ ನೋಡಿ. 18 ವರ್ಷದ ಸಲಹೆ 61ನೇ ತಿದ್ದುಪಡಿಯ ಮೂಲಕ 1989ರಲ್ಲಿ ಜಾರಿಗೆ ಬಂತು, ಎಂದರೆ 14 ವರ್ಷ ಹಿಡಿಯಿತು. ಆಯುಕ್ತರ ನೇಮಕದ ಸಲಹೆಗೆ 48 ವರ್ಷ! 2023ರ ಮಾರ್ಚ್ 2ರಂದು ಸುಪ್ರೀಂ ಕೋರ್ಟು, ಸಂಸತ್ತು ಕಾನೂನು ಮಾಡುವವರೆಗೆ ಅಂಥದ್ದೇ ತ್ರಿಸದಸ್ಯ ಸಮಿತಿ ಇರಲಿ ಎಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಕಾನೂನು ಮಾಡಿತು. ಮುಖ್ಯ ನ್ಯಾಯಮೂರ್ತಿಗಳ ಕುರ್ಚಿಯಲ್ಲಿ ಕೇಂದ್ರದ ಒಬ್ಬ ಸಚಿವರನ್ನು ಕೂರಿಸಿತು.

ಇದೇನೂ ಮೊದಲ ಸಲವಲ್ಲ. ಪಕ್ಷ ಮಾಡಿದ ಖರ್ಚನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಸಬೇಕೆಂದು 1974ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿದಾಗ, ಅದೇ ತಿಂಗಳು ಸುಗ್ರೀವಾಜ್ಞೆ ಬಂದು ತೀರ್ಪನ್ನು ನುಂಗಿ ಹಾಕಿತ್ತು. ಆಗ ಆಳುತ್ತಿದ್ದುದು ಒಂದು ಪಕ್ಷ, 2023ರಲ್ಲಿ ಇನ್ನೊಂದು.

ಮುಂದಿನ ಅಧ್ಯಾಯ ಆರಂಭವಾದದ್ದು ಅಹಮದಾಬಾದಿನ ಐಐಎಂ ಆವರಣದಲ್ಲಿ. 1999ರಲ್ಲಿ ಅಲ್ಲಿನ ಕೆಲವು ಪ್ರಾಧ್ಯಾಪಕರು ಸೇರಿ 'ಅಸೋಸಿಯೇಶನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್' (ಎಡಿಆರ್) ಕಟ್ಟಿ ದಿಲ್ಲಿ ಹೈಕೋರ್ಟಿಗೆ ಹೋದರು. ಅವರು ಕೇಳಿದ್ದು ದೊಡ್ಡದೇನಲ್ಲ. ಓಟು ಕೇಳಲು ಬರುವವನ ಮೇಲೆ ಯಾವ ಮೊಕದ್ದಮೆಗಳಿವೆ, ಆಸ್ತಿ ಎಷ್ಟು, ಸಾಲ ಎಷ್ಟು, ಏನು ಓದಿದ್ದಾನೆ ಎಂಬುದು ಮತದಾರನಿಗೆ ತಿಳಿಯಬೇಕು, ಅಷ್ಟೆ. 2000ದಲ್ಲಿ ಹೈಕೋರ್ಟು, 2002ರ ಮೇ 2ರಂದು ಸುಪ್ರೀಂ ಕೋರ್ಟು ಹೌದೆಂದವು. ಬೇರೆ ಯಾವುದಕ್ಕೂ ಒಂದಾಗದ ಪಕ್ಷಗಳೆಲ್ಲ ಈ ತೀರ್ಪಿನ ವಿರುದ್ಧ ಒಂದಾದವು. ಸುಗ್ರೀವಾಜ್ಞೆ ಸಿದ್ಧವಾಯಿತು. ಆಗಷ್ಟೇ ರಾಷ್ಟ್ರಪತಿ ಭವನಕ್ಕೆ ಬಂದಿದ್ದ ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಸಹಿ ಹಾಕದೆ ಅದನ್ನು ಹಿಂದಕ್ಕೆ ಕಳಿಸಿದರು. ಸಂಪುಟ ಅದನ್ನೇ ಮತ್ತೆ ಕಳಿಸಿದಾಗ ಸಂವಿಧಾನದ ಪ್ರಕಾರ ಸಹಿ ಹಾಕಬೇಕಾಯಿತು, ಹಾಕಿದರು. ನಾಗರಿಕ ಸಂಘಟನೆಗಳು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದವು. 2003ರ ಮಾರ್ಚ್ 13ರಂದು ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ರದ್ದುಪಡಿಸಿತು. 2004ರಲ್ಲಿ ಕರ್ನಾಟಕದಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ ನಡೆದಾಗ ನಮ್ಮ ಅಭ್ಯರ್ಥಿಗಳು ಪ್ರಮಾಣಪತ್ರ ಕೈಯಲ್ಲಿ ಹಿಡಿದೇ ನಾಮಪತ್ರ ಸಲ್ಲಿಸಬೇಕಾಯಿತು.

ಇಲ್ಲಿ ಕಣಗಿನಹಾಳ ಮತ್ತೆ ನೆನಪಾಗುತ್ತದೆ. 1904ರ ಕಾಯಿದೆಯಡಿ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತ. ಒಬ್ಬ ಸಾಲ ತೀರಿಸದಿದ್ದರೆ ಉಳಿದವರ ತಲೆಯ ಮೇಲೆ ಬರುತ್ತಿತ್ತು. ಆದ್ದರಿಂದ ಯಾರ ಹೊಲ ಎಷ್ಟು, ಯಾರ ಸಾಲ ಎಷ್ಟು, ಯಾರ ಮಾತು ನಂಬಬಹುದು ಎಂಬುದು ಎಲ್ಲರಿಗೂ ಗೊತ್ತಿರಲೇಬೇಕಿತ್ತು. ಲಕ್ಷಾಂತರ ಮತದಾರರ ಕ್ಷೇತ್ರದಲ್ಲಿ ಆ ತಿಳಿವಳಿಕೆ ತಾನಾಗಿ ಬರುವುದಿಲ್ಲ. ಹಳ್ಳಿಯ ಕಟ್ಟೆಯ ಮೇಲೆ ಪುಕ್ಕಟೆ ಸಿಗುತ್ತಿದ್ದ ಸುದ್ದಿಯನ್ನು ಸುಪ್ರೀಂ ಕೋರ್ಟಿಗೆ ಹೋಗಿ ತರಬೇಕಾಯಿತು. ಎಡಿಆರ್ ಕಟ್ಟಿದವರಲ್ಲಿ ಒಬ್ಬರಾದ ತ್ರಿಲೋಚನ ಶಾಸ್ತ್ರಿಯವರು ಆಮೇಲೆ ಬೆಂಗಳೂರಿನ ಐಐಎಂಗೆ ಬಂದರು. ಒಣಬೇಸಾಯದ ರೈತರ ಸಹಕಾರ ಸಂಘಗಳನ್ನು ಕಟ್ಟುವ ಕೆಲಸವನ್ನೂ ಅವರು ಮಾಡುತ್ತ ಬಂದಿದ್ದಾರೆ.

ಪ್ರಮಾಣಪತ್ರದಿಂದ ಕಳಂಕಿತರು ಮನೆಗೆ ಹೋದರೇ? ಇಲ್ಲ. ಅನೇಕರು ಮೊಕದ್ದಮೆಗಳ ಪಟ್ಟಿ ಕೊಟ್ಟೇ ಗೆದ್ದರು. ಆದರೆ ಗೊತ್ತಿರಲಿಲ್ಲವೆಂದು ಹೇಳುವ ಅವಕಾಶ ಈಗ ನಮಗಿಲ್ಲ. ಯಾರು ಯಾವ ಪಕ್ಷಕ್ಕೆ ಎಷ್ಟು ಕೊಟ್ಟರೆಂಬುದನ್ನು ಮುಚ್ಚಿಟ್ಟಿದ್ದ ಚುನಾವಣಾ ಬಾಂಡ್ ಯೋಜನೆ 2024ರ ಫೆಬ್ರವರಿ 15ರಂದು ರದ್ದಾಯಿತು. ಆ ಮೊಕದ್ದಮೆಯಲ್ಲೂ ಎಡಿಆರ್ ಅರ್ಜಿದಾರರಲ್ಲಿ ಒಂದಾಗಿತ್ತು.

ಇಷ್ಟೆಲ್ಲ ತಿಳಿದುಕೊಂಡರೂ, ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ? 2018ರ ಕರ್ನಾಟಕ ವಿಧಾನಸಭಾ ಚುನಾವಣೆಗೆ ಮುನ್ನ ಅರ್ಥಶಾಸ್ತ್ರಜ್ಞ ಅಬೂಸಾಲಿಹ್ ಶರೀಫ್ ಮತ್ತು ಸಂಗಡಿಗರು ರಾಜ್ಯದ ಮತದಾರರ ಪಟ್ಟಿ ಹಿಡಿದು, ಒಂದೇ ಹೆಸರಿರುವ ಮನೆಗಳನ್ನು ಹುಡುಕಿದರು. ಗಂಡನ ಹೆಸರಿದ್ದು ಹೆಂಡತಿಯದಿಲ್ಲ, ತಾಯಿಯದಿದ್ದು ಮಕ್ಕಳದಿಲ್ಲ ಎಂಬಂಥ ಮನೆಗಳಿಗಾಗಿ ಅವರ ಹುಡುಕಾಟ. ಮುಸ್ಲಿಮರಲ್ಲಿ ಬಹಳಷ್ಟು ವಯಸ್ಕರು ಪಟ್ಟಿಯ ಹೊರಗಿದ್ದಾರೆಂಬುದು ಅವರ ಅಂದಾಜು. ಅವರ ಲೆಕ್ಕವನ್ನು ಯಾರಾದರೂ ಪ್ರಶ್ನಿಸಬಹುದು, ಹೆಸರು ಹುಡುಕಿ ಅರ್ಜಿ ತುಂಬಿಸಿದ ಶ್ರಮವನ್ನು ಪ್ರಶ್ನಿಸುವಂತಿಲ್ಲ. ಮೊಹಲ್ಲಾಗಳ ಯುವಕರು ಮೊಬೈಲ್ ಆ್ಯಪ್ ಹಿಡಿದು ಮನೆಮನೆ ತಿರುಗಿದರು.

2025ರಲ್ಲಿ ಬಿಹಾರದ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ ಕರಡಿನಿಂದ ಹೊರಗುಳಿದ ಹೆಸರುಗಳು ಸುಮಾರು 65 ಲಕ್ಷ. ಎಡಿಆರ್ ಮತ್ತಿತರರು ಕೋರ್ಟಿಗೆ ಹೋದರು. ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಆ ಹೆಸರುಗಳನ್ನೂ ಕೈಬಿಟ್ಟ ಕಾರಣವನ್ನೂ ಪ್ರಕಟಿಸಿ, ಪಂಚಾಯತಿ ಕಚೇರಿಗಳಲ್ಲಿ ಜನರ ಕಣ್ಣಿಗೆ ಬೀಳುವಂತೆ ಹಾಕಲು ಆದೇಶಿಸಿತು. ಆಮೇಲೆ ಜನ ಪಂಚಾಯತಿ ಕಚೇರಿಗೆ ಹೋಗಿ, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ತಮ್ಮ ಹೆಸರನ್ನು ತಾವೇ ಹುಡುಕಿಕೊಳ್ಳಬಹುದಾಯಿತು.