ಹಂಪಿ–ಸಂಡೂರು ಪರಿಸರದ ಚಿರತೆ: ನೆಲೆನಾಶದ ದಾಖಲೆ ಮತ್ತು ಜನಸ್ಮೃತಿ

ತುಂಗಭದ್ರೆಯ ದಕ್ಷಿಣ ದಂಡೆಯ ಹೊಸಪೇಟೆ, ಹಂಪಿ, ಕಂಪ್ಲಿ ಹಾಗೂ ಅವುಗಳ ದಕ್ಷಿಣಕ್ಕಿರುವ ಸಂಡೂರು ಬೆಟ್ಟಸಾಲುಗಳ ರಾಜಕೀಯ ಚರಿತ್ರೆ ವಿಪುಲವಾಗಿ ರಚಿತವಾಗಿದೆ. ಅದೇ ನೆಲದ ವನ್ಯಮೃಗಗಳ ಚರಿತ್ರೆ ಅಷ್ಟಾಗಿ ಗಮನ ಸೆಳೆದಿಲ್ಲ. ಚಿರತೆಯನ್ನು ಕೇಂದ್ರವಾಗಿರಿಸಿಕೊಂಡು ಈ ಕೊರತೆಯ ಒಂದು ಮುಖವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಸರದಲ್ಲಿ ಚಿರತೆಗೆ ಎರಡು ಬಗೆಯ ನೆಲೆಗಳಿವೆ. ಹಂಪಿ–ದರೋಜಿ ಭಾಗದ ಹೆಬ್ಬಂಡೆಗಳ ಗವಿ ಮತ್ತು ಕುರುಚಲು ಕಾಡು ಒಂದು. ಸಂಡೂರಿನ ಕಬ್ಬಿಣದ ಅದಿರಿನ ಬೆಟ್ಟಗಳ ಎಲೆಯುದುರುವ ಕಾಡು ಮತ್ತೊಂದು. ತುಂಗಭದ್ರಾ ಯೋಜನೆಯ ಕಾಲುವೆಗಳು ಕಂಪ್ಲಿ ಸೀಮೆಯಲ್ಲಿ ನೀರಾವರಿ ಬೇಸಾಯವನ್ನು ವಿಸ್ತರಿಸಿದವು. ದೋಣಿಮಲೆಯಲ್ಲಿ 1977ರಲ್ಲಿ ಯಾಂತ್ರೀಕೃತ ಗಣಿಗಾರಿಕೆ ಆರಂಭವಾಯಿತು. 2000ದ ನಂತರದ ಅದಿರು ರಫ್ತಿನ ಭರಾಟೆಯಲ್ಲಿ ಬೆಟ್ಟಗಳ ಸ್ವರೂಪವೇ ಬದಲಾಯಿತು. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮ ಚಿರತೆಗೂ ಆಸರೆಯಾದುದು ಗಮನಾರ್ಹ.

ಲೋಕಾಯುಕ್ತ ವರದಿಗಳ (2008, 2011) ತರುವಾಯ, 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. 2013ರ ಏಪ್ರಿಲ್ 18ರ ತೀರ್ಪು ಗಂಭೀರ ಅಕ್ರಮಗಳ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಗೊಳಿಸಿ, ಉಳಿದವುಗಳ ಪುನರಾರಂಭಕ್ಕೆ ಭೂಪುನಶ್ಚೇತನ ಯೋಜನೆಯನ್ನು ಕಡ್ಡಾಯಗೊಳಿಸಿತು. ಉಪಗ್ರಹ ಚಿತ್ರಗಳೂ ಸ್ಥಳ ಸಮೀಕ್ಷೆಯೂ ಒತ್ತುವರಿಯನ್ನು ಬಯಲಿಗೆಳೆದವು. ಆದರೆ ಅಲ್ಲಿ ಮುಖ್ಯವಾಗಿ ಅಳತೆಗೊಳಗಾದದ್ದು ಗುತ್ತಿಗೆಯ ಗಡಿಯೇ ಹೊರತು ಮೃಗದ ಜಾಡಲ್ಲ.

ಗಣತಿಯದೂ ಇಂತಹುದೇ ಮಿತಿ. 2022ರ ರಾಷ್ಟ್ರೀಯ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಹುಲಿಯಿರುವ ರಾಜ್ಯಗಳ ಅರಣ್ಯಗಳನ್ನು ಆಧರಿಸಿದ ಆ ಸಮೀಕ್ಷೆಯು ಅರಣ್ಯೇತರ ಪ್ರದೇಶಗಳನ್ನೂ ಒಣಭೂಮಿಯನ್ನೂ ಒಳಗೊಳ್ಳಲಿಲ್ಲ. ಬಂಡೆಗುಡ್ಡ, ಹೊಲ, ಕುರುಚಲುಗಳು ಬೆರೆತ ಹಂಪಿ ಸೀಮೆಯಂತಹ ನೆಲ ಇಂತಹ ಗಣತಿಯ ಅಂಚಿಗೆ ಸರಿಯುವುದು ಸಹಜ. ಎಣಿಕೆಗೆ ಸಿಗದ ನೆಲೆ ಅಳಿದರೆ ಆ ನಷ್ಟವೂ ಎಣಿಕೆಗೆ ಸಿಗದು.

ಇಲ್ಲಿ ಜಾನಪದದ ಆಕರಗಳು ನೆರವಿಗೆ ಬರುತ್ತವೆ. ನದಿಯಾಚೆಯ ಹುಲಿಗಿಯ ಹೆಸರನ್ನು ಜನರು ಹುಲಿಯೊಂದಿಗೆ ಬೆಸೆಯುತ್ತಾರೆ. ಹುಲಿಯೊಡನೆ ಹೋರಾಡಿ ಮಡಿದವರ ವೀರಗಲ್ಲುಗಳು ಕರ್ನಾಟಕದ ಹಲವೆಡೆ ದೊರೆತಿವೆ. ಆದರೆ ಇವನ್ನು ನೇರ ಸಾಕ್ಷ್ಯವೆಂದು ಸ್ವೀಕರಿಸಲಾಗದು. ಆಡುಮಾತಿನ ‘ಹುಲಿ’ ಕೆಲವೊಮ್ಮೆ ಚಿರತೆಯೂ ಆಗಿರಬಹುದು. ‘ಕಿರುಬ’ ಒಂದೆಡೆ ಚಿರತೆಯನ್ನೂ ಮತ್ತೊಂದೆಡೆ ಕತ್ತೆಕಿರುಬವನ್ನೂ ಸೂಚಿಸುತ್ತದೆ. ಆದ್ದರಿಂದ ಸ್ಥಳನಾಮ, ಕುರಿಗಾಹಿಗಳ ನೆನಪು ಮತ್ತು ಗವಿಗಳ ಹೆಸರುಗಳನ್ನು ಊರುವಾರು ಸಂಗ್ರಹಿಸಿ, ಉಪಗ್ರಹ ನಕ್ಷೆ ಹಾಗೂ ಕ್ಯಾಮೆರಾ ದಾಖಲೆಗಳೊಂದಿಗೆ ತಾಳೆನೋಡಬೇಕು.

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ, ಹಂಪಿಗಳು ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಚಿರತೆಗೆ ಈ ಗಡಿ ತಿಳಿಯದು. ನೆಲೆನಾಶದ ದಾಖಲೆಯಾದರೂ ಎರಡು ಜಿಲ್ಲೆಗಳಲ್ಲಿ ಹರಿದುಹೋಗದೆ ಒಂದಾಗಿರಬೇಕಾದುದು ಇಂದಿನ ಅಗತ್ಯ.