ನಡುಗುವ ಕೈ, ನಡುಗದ ಮೊನೆ

ಎಷ್ಟೇ ನುರಿತ ಸರ್ಜನ್ ಆಗಿರಲಿ, ಕೈ ನಡುಗುತ್ತೆ. ಅದು ಹೆದರಿಕೆಯೂ ಅಲ್ಲ, ಕಾಯಿಲೆಯೂ ಅಲ್ಲ. ಆರೋಗ್ಯವಾಗಿರೋರ ಕೈ ಕೂಡ ಸೆಕೆಂಡಿಗೆ 8ರಿಂದ 12 ಸಲ ಸಣ್ಣಗೆ ಅದುರ್ತಾನೇ ಇರುತ್ತೆ. ನಮ್ಮ ಕಣ್ಣಿಗದು ಕಾಣಲ್ಲ. ಆದರೆ ರೆಟಿನಾದ ಮೇಲಿನ, ಕೆಲವೇ ಮೈಕ್ರಾನ್ ದಪ್ಪದ ಪೊರೆ ಸುಲಿಯುವಾಗ ಮೈಕ್ರೋಸ್ಕೋಪಿನಡಿ ಅದು ಭೂಕಂಪ. ಮೊನೆ ಕೂದಲೆಳೆಯಷ್ಟು ತಪ್ಪಿದರೂ ದೃಷ್ಟಿಗೇ ಕುತ್ತು.

1990ರ ದಶಕದಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕ್ಯಾಮರಾನ್ ರಿವಿಯರ್ ಮತ್ತು ಐಐಟಿ ಬಾಂಬೆಯಲ್ಲಿ ಓದಿದ್ದ ನಿತೀಶ್ ಠಾಕೋರ್ ಇದರ ಬೆನ್ನುಬಿದ್ದರು. ನನ್ನಂಥ ಕೋಡ್ ಬರೆಯೋನಿಗೆ ಮೊದಲು ಹೊಳೆಯೋದು ‘ಒಂದು ಫಿಲ್ಟರ್ ಹಾಕಿದ್ರಾಯ್ತು’ ಅಂತ. ಆದರೆ ಮಾಮೂಲಿ ಫಿಲ್ಟರ್ ತಡವಾಗಿ ಉತ್ತರಿಸುತ್ತೆ. ವೆಬ್ ಪೇಜ್ 50 ಮಿಲಿಸೆಕೆಂಡ್ ತಡವಾದರೆ ಯಾರೂ ಕೇಳಲ್ಲ. ಇಲ್ಲಿ? 10 ಹರ್ಟ್ಜ್ ನಡುಕದ ಒಂದು ಸುತ್ತು 100 ಮಿಲಿಸೆಕೆಂಡ್. ಅದರ ಅರ್ಧದಷ್ಟು ತಡವಾದರೆ, ಕಳೆಯಬೇಕಾದ್ದು ಕೂಡಿಕೊಳ್ಳುತ್ತೆ, ನಡುಕ ಇಮ್ಮಡಿ!

ಅದಕ್ಕೇ ಅವರು ನಡುಕದ ಲಯವನ್ನು ಆಗಿಂದಾಗ್ಗೆ ಕಲಿತು, ಈ ಕ್ಷಣದ ಅದುರನ್ನು ಅಂದಾಜಿಸುವ ಅಲ್ಗಾರಿದಮ್ ಬರೆದರು. 1998ರಲ್ಲಿ ಆ ಪ್ರಬಂಧ ಪ್ರಕಟವಾಯ್ತು. ಊರಲ್ಲಿ ಮೊರ ಹಿಡಿದು ಕೇರೋದನ್ನ ನೋಡಿದ್ದೀರಲ್ಲ, ಹಾಗೇ: ನಿಧಾನದ ಚಲನೆ ಕಾಳು, ವೇಗದ ಅದುರು ಜೊಳ್ಳು.

ಕೇರೋದಕ್ಕೂ ಮೊದಲು ಅಳೀಬೇಕಲ್ಲ! ರಿವಿಯರ್ ತಂಡ ಆಮೇಲೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ‘ಮೈಕ್ರಾನ್’ ಅನ್ನೋ ಕೈ ಉಪಕರಣ ಕಟ್ಟಿತು. ಹಿಡಿಯೊಳಗೆ ಸೆನ್ಸರ್, ತುದಿಯಲ್ಲಿ ಮೊನೆಯನ್ನು ನಡುಕದ ವಿರುದ್ಧ ದಿಕ್ಕಿಗೆ ಸರಿಸುವ ಪೀಜೋ ಹರಳು. ಶುರುವಿನಲ್ಲಿ ನೆಚ್ಚಿಕೊಂಡಿದ್ದು ನಮ್ಮ ಮೊಬೈಲಲ್ಲಿರೋ ಥರದ ಅಕ್ಸೆಲರೋಮೀಟರ್. ಅದು ಕೊಡೋದು ವೇಗೋತ್ಕರ್ಷ. ಸ್ಥಾನ ಬೇಕಂದ್ರೆ ಎರಡು ಸಲ ಇಂಟಿಗ್ರೇಟ್ ಮಾಡಬೇಕು. ಚೂರು ತಪ್ಪು ಮೀಟರ್ ಬಡ್ಡಿ ಥರ ಬೆಳೆಯುತ್ತೆ. ಹಾಗಾಗಿ ಮುಂದೆ ಉಪಕರಣದ ಮೇಲೆ ಪುಟ್ಟ ಎಲ್‌ಇಡಿಗಳನ್ನಿಟ್ಟು, ಒಂದೊಂದನ್ನೂ ಬೇರೆ ಬೇರೆ ಆವರ್ತನದಲ್ಲಿ ಮಿನುಗಿಸಿ, ಹೊರಗಿನ ಸೆನ್ಸರ್‌ಗಳಿಂದ ಮೊನೆ ಎಲ್ಲಿದೆ ಅಂತ ಕಂಡುಕೊಂಡರು.

ಬೇರೆ ದಾರಿಯೂ ಇತ್ತು. ಜಾನ್ಸ್ ಹಾಪ್‌ಕಿನ್ಸ್‌ನಲ್ಲೇ ರಸೆಲ್ ಟೇಲರ್ ತಂಡ 1999ರಲ್ಲಿ ಸರ್ಜನ್ ಜೊತೆ ತಾನೂ ಉಪಕರಣ ಹಿಡಿಯುವ ರೋಬೋವನ್ನು ಮುಂದಿಟ್ಟಿತು. 2016ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕಣ್ಣಿನೊಳಗೆ ರೋಬೋಟಿಕ್ ಶಸ್ತ್ರಚಿಕಿತ್ಸೆಯೂ ಆಯ್ತು. ಸ್ಥಿರತೆಯಲ್ಲಿ ರೋಬೋ ತೋಳಿನದೇ ಮೇಲುಗೈ. ಆದರೂ ನನಗೆ ಮೈಕ್ರಾನ್ ಮೇಲೇ ಒಲವು. ರೋಗಿ ತಟ್ಟನೆ ಅಲುಗಿದರೆ ಕೈಯಲ್ಲಿರೋ ಉಪಕರಣವನ್ನ ಆ ಕ್ಷಣವೇ ಹಿಂದೆಳೆದುಕೊಳ್ಳಬಹುದು. ನಡುಗೋ ಕೈಯಲ್ಲಿ ವರ್ಷಗಳ ಅನುಭವವೂ ಇರುತ್ತೆ. ಜೊಳ್ಳು ಹಾರಲಿ, ಮೊರ ಮಾತ್ರ ಸರ್ಜನ್ ಕೈಯಲ್ಲೇ ಇರಲಿ.