ಒಬ್ಬ ಕುಡುಕ ಇನ್ನೊಬ್ಬನನ್ನು ಹುಡುಕಿಕೊಂಡು ಹೋದ ಕಥೆ

ತಿಪಟೂರಿನಲ್ಲಿ ಕೊಬ್ಬರಿ ಮಾರಿದ ದುಡ್ಡು ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆ ಮುಟ್ಟುವ ಮೊದಲೇ ವೈನ್ ಶಾಪಿನಲ್ಲಿ ಕರಗುವುದನ್ನು ನಾವೆಲ್ಲ ನೋಡಿದ್ದೇವೆ. 2007ರ ಜುಲೈ 1ರಂದು ಸರ್ಕಾರ ಸಾರಾಯಿ ನಿಲ್ಲಿಸಿತು. ಸಾರಾಯಿ ಪ್ಯಾಕೆಟ್ ಹೋಗಿ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು, ಅಷ್ಟೆ. ಬಿಡಬೇಕು ಅನ್ನುವವನು ಯಾರ ಹತ್ತಿರ ಹೋಗಬೇಕು?

1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಊರಿನ ಹೋಟೆಲೊಂದರಲ್ಲಿ ಬಿಲ್ ವಿಲ್ಸನ್‌ಗೂ ಇದೇ ಪ್ರಶ್ನೆ. ಕುಡಿತ ಬಿಟ್ಟು ಐದು ತಿಂಗಳಾಗಿತ್ತು, ಬಂದ ಕೆಲಸ ಕೆಟ್ಟಿತ್ತು, ಎದುರಿಗೇ ಬಾರ್. ಆತ ಫೋನ್ ಹಿಡಿದು ಊರಿನ ಪಾದ್ರಿಗಳಿಗೆ ಕರೆ ಮಾಡಿದ: ಕುಡಿತದಿಂದ ನರಳುತ್ತಿರುವ ಇನ್ನೊಬ್ಬನನ್ನು ತೋರಿಸಿ. ಕೊನೆಗೆ ಸಿಕ್ಕವರು ಬಾಬ್ ಸ್ಮಿತ್, ಸ್ವತಃ ಡಾಕ್ಟರು! ಕಾಲು ಗಂಟೆ ಅಂತ ಬಂದವರು ಗಂಟೆಗಟ್ಟಲೆ ಕೂತರು. ಜೂನ್ 10, ಅವರು ಕುಡಿತ ಬಿಟ್ಟ ದಿನವೇ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ ದಿನ. ಅದರ ಸಭೆಗೆ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. 1957ರಲ್ಲಿ ಭಾರತಕ್ಕೂ ಬಂತು.

ನಮ್ಮ ಹಳ್ಳಿಗಳಿಗೆ ಹತ್ತಿರದ್ದು ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. ಶಿಬಿರ ಮುಗಿಸಿದವರು ಆಮೇಲೂ ಸೇರುವ ಗುಂಪಿಗೆ ನವಜೀವನ ಸಮಿತಿ ಎಂದು ಹೆಸರು. ನಮ್ಮ ಪ್ರಕಾರ ಶಿಬಿರಕ್ಕಿಂತ ಇದೇ ಮುಖ್ಯ. ವಾಪಸ್ ಬರುವುದು ಅದೇ ಊರಿಗೆ, ಅದೇ ಗೆಳೆಯರ ನಡುವೆ ತಾನೆ? ಎಲ್ಲಿ ಸೇರುತ್ತಾರೆಂದು ಧರ್ಮಸ್ಥಳ ಸಂಘದ ಸೇವಾಪ್ರತಿನಿಧಿಯನ್ನು ಕೇಳಿ. ಹೆಂಡತಿಯೋ ತಾಯಿಯೋ ಸಂಘದಲ್ಲಿದ್ದರೆ ಅವರೇ ಕೇಳಬಹುದು.

ದಿನಾ ಜಾಸ್ತಿ ಕುಡಿಯುವವರು ಮಾತ್ರ ದಿಢೀರನೆ ನಿಲ್ಲಿಸಬೇಡಿ. ಕೈನಡುಕ, ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಮೊದಲು ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ತೋರಿಸಿ. ಸರಿರಾತ್ರಿಯಲ್ಲಿ ಯಾರೊಡನಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮನಸ್ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.